ಗಿಳಿ, ಇಗ್ವಾನಾ, ಪೈಥಾನ್ ಮನೆಯಲ್ಲಿ, ಮನೆಯವರು ಪ್ರವಾಸದಲ್ಲಿ: ಕೊಡಗಿಗೆ ಯಾವ ವ್ಯವಸ್ಥೆ ಒಗ್ಗುತ್ತದೆ?

ನಾಯಿ ಸಾಕಿದವರು ನಾಲ್ಕು ದಿನ ಮನೆ ಬಿಡಬೇಕಾದರೆ ಎರಡು ಹೊತ್ತು ಊಟ ಹಾಕಲು ಪಕ್ಕದ ಮನೆಗೆ ಹೇಳಿ ಹೊರಡುತ್ತಾರೆ. ಆಫ್ರಿಕನ್ ಗ್ರೇ ಗಿಳಿ, ಇಗ್ವಾನಾ (ದೊಡ್ಡ ಹಲ್ಲಿಯಂಥ ಸರೀಸೃಪ), ಬಾಲ್ ಪೈಥಾನ್ (ಹೆಬ್ಬಾವಿನ ಜಾತಿಯ ಸಣ್ಣ ಹಾವು), ಶುಗರ್ ಗ್ಲೈಡರ್ (ಹಾರುವ ಅಳಿಲಿನಂಥ ಪುಟ್ಟ ಪ್ರಾಣಿ), ಗಿನಿಪಿಗ್ ಇರುವ ಮನೆಗೆ ಅಷ್ಟು ಸಾಲದು. ಅದರಲ್ಲೂ ಕೊಡಗಿನಲ್ಲಿ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಗಾಳಿಮಳೆಗೆ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದರೆ ಒಂಟಿ ತೋಟದ ಮನೆಗೆ ಕರೆಂಟ್ ಬರಲು ಎರಡು ಮೂರು ದಿನವಾಗುವುದುಂಟು. ಡಿಸೆಂಬರ್, ಜನವರಿಯಲ್ಲಿ ಮಡಿಕೇರಿ ಸುತ್ತ ರಾತ್ರಿಯ ಚಳಿ 12 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಬಿಸಿ ನಾಡಿನ ಪ್ರಾಣಿಗಳಿಗೆ ಇವೆರಡೂ ಹಸಿವಿಗಿಂತ ದೊಡ್ಡ ಕಂಟಕ.

ನಮ್ಮ ಮುಂದಿರುವ ದಾರಿ ನಾಲ್ಕು. ತೋಟದ ಲೈನ್‌ಮನೆಯ ಕೆಲಸಗಾರರೋ ಪಕ್ಕದವರೋ ದಿನಕ್ಕೆರಡು ಸಲ ಬಂದು ಹೋಗುವುದು; ಮೈಸೂರು, ಬೆಂಗಳೂರಿನಿಂದ ಬಂದು ಮನೆಯಲ್ಲೇ ಉಳಿಯುವ ಪೆಟ್ ಸಿಟ್ಟರ್; ಪ್ರಾಣಿಯನ್ನೇ ಒಯ್ದು ಬೋರ್ಡಿಂಗ್‌ನಲ್ಲಿ ಬಿಡುವುದು; ಟೈಮರ್, ಕ್ಯಾಮೆರಾ, ಆಟೊ ಫೀಡರ್ ನಂಬಿ ಬೀಗ ಹಾಕುವುದು. ಬೇರೆ ಬೇರೆ ಪ್ರಾಣಿಗಳಿಗೆ ಇವನ್ನು ಬಳಸಿ ನೋಡಿದ ಮೇಲೆ ನಮಗೆ ಖಚಿತವಾದದ್ದು ಒಂದು: ಮೊದಲು ಕೇಳಬೇಕಾದ್ದು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮನೆಯಲ್ಲಿ ಯಾರಿರುತ್ತಾರೆ ಎಂದು. ದಿನಕ್ಕೆ ಎಷ್ಟು ಸಲ ಬರುತ್ತಾರೆ ಎಂಬುದು ಆಮೇಲಿನ ಮಾತು.

ಯಾಕೆಂದು ಇನ್ವರ್ಟರ್ ಲೆಕ್ಕದಲ್ಲೇ ಗೊತ್ತಾಗುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲ, ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ. ಕೈಗೆ ಸಿಗುವುದು ಸುಮಾರು 1100. ಇಗ್ವಾನಾ ಗೂಡಿನ 100 ವ್ಯಾಟ್ ಸೆರಾಮಿಕ್ ಹೀಟರ್, ಬಿಸಿಲಿನ ಬದಲಿಗೆ ಅತಿನೇರಳೆ ಕಿರಣ ಕೊಡುವ 25 ವ್ಯಾಟ್ ಯುವಿಬಿ ದೀಪ, ಮೀನಿನ ತೊಟ್ಟಿಯ 5 ವ್ಯಾಟ್ ಏರ್ ಪಂಪ್ ಸೇರಿದರೆ 130 ವ್ಯಾಟ್. ಅಂದರೆ ಎಂಟು ಗಂಟೆ ಚಿಲ್ಲರೆ. ಥರ್ಮೋಸ್ಟಾಟ್ ಇದ್ದು ಹೀಟರ್ ಅರ್ಧ ಹೊತ್ತು ಮಾತ್ರ ಉರಿದರೂ ಹದಿನಾಲ್ಕು ಗಂಟೆ ದಾಟುವುದಿಲ್ಲ. ಮೊದಲ ರಾತ್ರಿ ಹೇಗೋ ಕಳೆಯುತ್ತದೆ. ಎರಡನೇ ರಾತ್ರಿಗೆ ಮನುಷ್ಯರೇ ಬೇಕು.

ಆ ಮನುಷ್ಯರು ಮಾಡಬೇಕಾದ್ದು ಇಷ್ಟು. ಕರೆಂಟ್ ಹೋದ ಕೂಡಲೇ ಯುವಿಬಿ ದೀಪ ಆರಿಸಬೇಕು. ನಾಲ್ಕೈದು ದಿನ ಅದಿಲ್ಲದಿದ್ದರೆ ತೊಂದರೆಯಿಲ್ಲ, ಉಳಿದ ಕರೆಂಟೆಲ್ಲ ಹೀಟರ್‌ಗೆ. ಗೂಡಿನ ಮೂರು ಬದಿಗೆ ಥರ್ಮಕೋಲ್ ಹಾಳೆ, ಮೇಲೆ ಕಂಬಳಿ. ಗಾಳಿಗೆ ಒಂದು ಬದಿ ತೆರವಿರಲಿ. ಹೀಟರ್ ಉರಿಯುವಾಗ ಕಂಬಳಿ ಅದರ ಹತ್ತಿರ ಸುಳಿಯಬಾರದು. ಬ್ಯಾಟರಿ ಮುಗಿದರೆ ಒಂದು ಲೀಟರ್ ಬಾಟಲಿಗೆ ಕೈ ತಡೆಯುವಷ್ಟು ಬಿಸಿನೀರು ತುಂಬಿ, ದಪ್ಪ ಟವೆಲ್ ಸುತ್ತಿ, ಗೂಡಿನ ಒಂದೇ ಬದಿಗೆ ಇಡಬೇಕು. ಸೆಕೆಯಾದರೆ ಪ್ರಾಣಿ ಇನ್ನೊಂದು ಬದಿಗೆ ಸರಿಯಬೇಕಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಬಾಟಲಿ ಬದಲಿಸಬೇಕು. ಸಂಜೆ ಐದಕ್ಕೆ ಬಂದು ಹೋದವರಿಂದ ಇದು ಆಗದು. ಇನ್ನೊಂದು ಮುಖ್ಯ ಮಾತು: ಬಿಸಿ ಇಲ್ಲದಿರುವಾಗ ಇಗ್ವಾನಾಕ್ಕೆ ಸೊಪ್ಪು ಹಾಕಬಾರದು. ಮೈ ತಣ್ಣಗಾದ ಸರೀಸೃಪಕ್ಕೆ ತಿಂದದ್ದು ಅರಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ. "ಪಾಪ, ಚಳಿಗೆ ಸುಮ್ಮನೆ ಕೂತಿದೆ, ಏನಾದರೂ ತಿನ್ನಲಿ" ಎಂಬ ಕನಿಕರವೇ ಅದಕ್ಕೆ ಮುಳುವಾಗುತ್ತದೆ.

ಎರಡು ಹೊತ್ತು ಬಂದು ಹೋಗುವವರು

ಊರಿನವರ ದೊಡ್ಡ ಬಲ ಅವರು ಊರಿನವರೇ ಆಗಿರುವುದು. ರಸ್ತೆಗೆ ಮರ ಬಿದ್ದರೂ ಒಳದಾರಿಯಲ್ಲಿ ನಡೆದು ಬರುತ್ತಾರೆ. ಮೋಟಾರ್ ಸ್ವಿಚ್ ಎಲ್ಲಿ, ಲೈನ್‌ಮನ್ ಯಾರು, ಎಲ್ಲ ಗೊತ್ತು. ತೊಡಕಿರುವುದು ಹೊತ್ತಿನಲ್ಲಿ. ಕಾಫಿ ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆಯೇ ಅವರಿಗೆ ಬಿಡುವು. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆನೆ ಓಡಾಡುವುದರಿಂದ ಕತ್ತಲಾದ ಮೇಲೆ ಯಾರನ್ನೂ ಬರಹೇಳುವಂತಿಲ್ಲ, ಬರಹೇಳಲೂಬಾರದು. ಕೈಲ್ ಪೊಳ್ದ್, ಪುತ್ತರಿ ಹಬ್ಬದ ದಿನ ಅವರೂ ತಮ್ಮ ಮನೆಯಲ್ಲಿರಬೇಕಾದವರು.

ಈ ಹೊತ್ತಿಗೆ ಹೊಂದುವ ಪ್ರಾಣಿಗಳಿವೆ. ಬಾಲ್ ಪೈಥಾನ್‌ಗೆ ಇದೇ ಸಾಕು, ಬಿಸಿಯ ಏರ್ಪಾಡು ಗಟ್ಟಿಯಿದ್ದರೆ. ಬೆಳೆದ ಹಾವು ಹತ್ತು ಹದಿನಾಲ್ಕು ದಿನಕ್ಕೊಮ್ಮೆ ತಿನ್ನುತ್ತದೆ. ಹೊರಡುವ ಮೂರು ದಿನ ಮೊದಲೇ ತಿನ್ನಿಸಿ ಮುಗಿಸಿದರೆ ನೋಡಿಕೊಳ್ಳುವವರು ಇಲಿಯ ತಂಟೆಗೇ ಹೋಗಬೇಕಿಲ್ಲ. ಬಿಸಿ ಬದಿಯಲ್ಲಿ 31–32, ತಂಪು ಬದಿಯಲ್ಲಿ 25–27 ಡಿಗ್ರಿ ತೋರಿಸುತ್ತಿದೆಯೇ ನೋಡುವುದು, ಎರಡು ದಿನಕ್ಕೊಮ್ಮೆ ನೀರು ಬದಲಿಸುವುದು, ಬೀಗ ಮತ್ತೆ ಹಾಕಿದ್ದು ಕೈಯಿಂದ ಎಳೆದು ಖಾತ್ರಿ ಮಾಡಿಕೊಳ್ಳುವುದು, ಅಷ್ಟೇ. ಕಣ್ಣು ಮಂಜಾಗಿದ್ದರೆ ಪೊರೆ ಬಿಡುವ ಸಮಯ, ಮುಟ್ಟಬಾರದು. ಮಳೆಗಾಲದಲ್ಲಿ ಗೂಡಿನ ಹಾಸು ಒದ್ದೆಯಾಗಿಯೇ ಉಳಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ತೆಂಗಿನ ನಾರಿನ ಬದಲು ದಿನವೂ ಬದಲಿಸಬಹುದಾದ ಪೇಪರ್ ಹಾಸು ಒಳ್ಳೆಯದು.

ಗಿನಿಪಿಗ್, ಮೊಲಕ್ಕೂ ಎರಡು ಹೊತ್ತು ಬರುವವರು ನಡೆಯುತ್ತದೆ. ಆದರೆ ಒಂದು ಹೊತ್ತು ತಪ್ಪುವಂತಿಲ್ಲ. ಹನ್ನೆರಡು ಗಂಟೆ ತಿನ್ನದೆ ಕೂತ ಗಿನಿಪಿಗ್‌ನ ಕರುಳು ನಿಲ್ಲತೊಡಗುತ್ತದೆ. ಬೆಳಗ್ಗೆ ಹಿಕ್ಕೆ ಎಂದಿಗಿಂತ ಕಡಿಮೆ, ಸಣ್ಣದು ಕಂಡರೆ ಅಂದೇ ಫೋನ್ ಬರಬೇಕು. ಇದರ ದೇಹ ವಿಟಮಿನ್ ಸಿ ತಯಾರಿಸಿಕೊಳ್ಳುವುದಿಲ್ಲ. ಒಣಹುಲ್ಲಿನ ಜೊತೆ ದಿನಕ್ಕೊಂದು ತುಂಡು ದೊಣ್ಣೆಮೆಣಸು ತಪ್ಪಿಸಬಾರದು.

ಹುಲ್ಲಿನ ವಿಷಯದಲ್ಲಿ ಕೊಡಗಿನವರು ವಿಶೇಷ ಎಚ್ಚರ ವಹಿಸಬೇಕು. ಮಳೆಗೆ ಮುಂಚೆ ಕಾಫಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರ. ಗಿಡದ ಬುಡದ ಹುಲ್ಲಿಗೆ ಅದು ತೊಟ್ಟಿಕ್ಕಿರುತ್ತದೆ. ಕಳೆನಾಶಕ ಹೊಡೆದ ತೋಟವಾದರೆ ಕೇಳುವುದೇ ಬೇಡ. ಹುಲ್ಲು ಎಲ್ಲಿಂದ ಕೊಯ್ಯಬೇಕೆಂದು ಜಾಗ ತೋರಿಸಿಯೇ ಹೋಗಬೇಕು. ಹಾಗೆಯೇ ಬಟರ್‌ಫ್ರೂಟ್. ಮನೆ ಹಿಂದೆಯೇ ಮರವಿರುವ ಊರಿದು, ಬಂದವರು ಪ್ರೀತಿಯಿಂದ ಒಂದು ಹೋಳು ಕೊಟ್ಟುಬಿಡುತ್ತಾರೆ. ಅದರಲ್ಲಿರುವ ಪರ್ಸಿನ್ ಎಂಬ ಅಂಶ ಗಿಳಿಗಳ ಹೃದಯಕ್ಕೆ ವಿಷ. ಮೊಲ, ಗಿನಿಪಿಗ್‌ಗೂ ಕೂಡದು. ಗೂಡಿನ ಮೇಲೆಯೇ ದಪ್ಪಕ್ಷರದಲ್ಲಿ "ಬಟರ್‌ಫ್ರೂಟ್ ಬೇಡ" ಎಂದು ಬರೆದು ಅಂಟಿಸಿ.

ಶುಗರ್ ಗ್ಲೈಡರ್‌ಗೆ ಮಾತ್ರ ಈ ಏರ್ಪಾಡು ಬೇಡವೇ ಬೇಡ. ಹಗಲೆಲ್ಲ ಚೀಲದಲ್ಲಿ ಮಲಗಿರುತ್ತದೆ. ಬಂದವರಿಗೆ ಅದು ಸುಖನಿದ್ರೆಯೋ ಚಳಿಗೆ ಮೈ ಮರಗಟ್ಟಿದ್ದೋ ತಿಳಿಯುವುದಿಲ್ಲ. ಮುಟ್ಟಿದಾಗ ಮೈ ತಣ್ಣಗಿದ್ದು ಅಲುಗಾಡದಿದ್ದರೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಧಾನಕ್ಕೆ ಬೆಚ್ಚಗೆ ಮಾಡಬೇಕು. ಊಟ ಎಚ್ಚರವಾದ ಮೇಲೆಯೇ.

ಮನೆಯಲ್ಲೇ ಉಳಿಯುವ ಸಿಟ್ಟರ್

ಆಫ್ರಿಕನ್ ಗ್ರೇ ಇದ್ದ ಮನೆಗೆ ನಮ್ಮ ಸಲಹೆ ಇದೊಂದೇ. ಈ ಗಿಳಿ ಒಬ್ಬಿಬ್ಬರನ್ನೇ ಹಚ್ಚಿಕೊಳ್ಳುತ್ತದೆ. ಮನೆ ಖಾಲಿಯಾದರೆ ಗರಿ ಕಿತ್ತುಕೊಳ್ಳಲು ಶುರುಮಾಡಬಹುದು. ಒಮ್ಮೆ ಹಿಡಿದ ಚಟ ಬಿಡಿಸುವುದು ಬಹಳ ಕಷ್ಟ. ಹೊಸಬರು ಬಂದ ದಿನ ಊಟ ಬಿಡುವುದೂ ಇದೆ. ಸಿಟ್ಟರ್ ಎರಡು ವಾರ ಮೊದಲೇ ಒಂದೆರಡು ಸಲ ಬಂದು ಗೂಡಿನ ಹತ್ತಿರ ಕೂತು ಕೈಯಾರೆ ಶೇಂಗಾ ಕೊಟ್ಟು ಹೋಗಲಿ. ಹೊರಡುವ ಹಿಂದಿನ ರಾತ್ರಿ ಮನೆಯವರೂ ಇರುವಾಗಲೇ ಬಂದು ಉಳಿಯಲಿ.

ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಆದ್ದರಿಂದ ಕಣ್ಣನ್ನು ನಂಬದೆ ತಕ್ಕಡಿಯನ್ನು ನಂಬಬೇಕು. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯ ಮೇಲೆ ಹಕ್ಕಿ ಕೂರುವ ಕೋಲು ಇಟ್ಟು ದಿನಾ ಬೆಳಗ್ಗೆ ಊಟಕ್ಕೆ ಮುಂಚೆ ತೂಗಬೇಕು. ಇದನ್ನು ಮನೆಯವರೇ ಮೊದಲು ಅಭ್ಯಾಸ ಮಾಡಿಸಿರಬೇಕು. 450 ಗ್ರಾಂ ಹಕ್ಕಿ 405ಕ್ಕೆ ಇಳಿದರೆ, ಅಂದರೆ ಹತ್ತರಲ್ಲಿ ಒಂದು ಪಾಲು ಹೋದರೆ, ಡಾಕ್ಟರ ಬಳಿ ಹೊರಡುವ ಹೊತ್ತು. ಹೊಸಬರು ಹಕ್ಕಿಯನ್ನು ಗೂಡಿನಿಂದ ಹೊರಗೆ ಬಿಡುವುದೇ ಬೇಡ. ಕಿಟಕಿ ಒಂದು ಕ್ಷಣ ತೆರೆದಿದ್ದರೆ ಸಾಕು, ಕಾಫಿ ತೋಟದ ಮರಗಳಲ್ಲಿ ಬೂದು ಬಣ್ಣದ ಗಿಳಿ ಹುಡುಕುವುದು ಆಗದ ಮಾತು.

ಉಳಿಯುವ ಸಿಟ್ಟರ್‌ನಿಂದಲೇ ಬರುವ ಅಪಾಯವೂ ಇದೆ: ಅವರು ಅಡುಗೆ ಮಾಡುತ್ತಾರೆ, ಸೊಳ್ಳೆಗೆ ಬತ್ತಿ ಹಚ್ಚುತ್ತಾರೆ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆ ಗಿಳಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಹೊರಡುವಾಗ ಆ ಪಾತ್ರೆಗಳನ್ನು ಕಟ್ಟಿ ಅಟ್ಟಕ್ಕೇರಿಸಿ, ಕಬ್ಬಿಣದ ಕಾವಲಿ ಹೊರಗಿಡಿ. ಸೊಳ್ಳೆ ಪರದೆ ಕಟ್ಟಿಕೊಡಿ, ಬತ್ತಿ ಡಬ್ಬ ಮನೆಯಲ್ಲಿ ಇರದಿರಲಿ. ಬಚ್ಚಲ ಒಲೆಯ ಹೊಗೆ ಗಿಳಿಯಿರುವ ಕೋಣೆಗೆ ಬರುತ್ತಿದ್ದರೆ ಗೂಡಿನ ಜಾಗವನ್ನೇ ಬದಲಿಸಿ.

ಇಗ್ವಾನಾಕ್ಕೂ ಉಳಿಯುವವರೇ ಸರಿ. ಬೆಳಗ್ಗೆ ಅದು ಮೈ ಕಾಯಿಸಿಕೊಳ್ಳುವ ಜಾಗ 35–38 ಡಿಗ್ರಿಗೆ ಬಂದ ಮೇಲೆ ಸೊಪ್ಪು: ನುಗ್ಗೆಸೊಪ್ಪು, ದಾಸವಾಳದ ಎಲೆ ಮತ್ತು ಹೂ, ತುರಿದ ಸಿಹಿಗುಂಬಳ, ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿ. ಪಾಲಕ್ ಬೇಡ, ಅದರಲ್ಲಿನ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಅಂಗಡಿ ಸೊಪ್ಪಿಗಿಂತ ಹಿತ್ತಲಿನದೇ ಲೇಸು.

ಹೊರಗಿನ ಸಿಟ್ಟರ್‌ನ ಕೊರತೆ ಎಂದರೆ ಊರು ಗೊತ್ತಿಲ್ಲದಿರುವುದು. ಪ್ರಾಣಿಯ ಬಗ್ಗೆ ಎಷ್ಟೇ ತಿಳಿದಿದ್ದರೂ ಇನ್ವರ್ಟರ್ ಬೈಪಾಸ್ ಸ್ವಿಚ್ ಹುಡುಕಲಾಗದೆ ಕತ್ತಲಲ್ಲಿ ಕೂರುತ್ತಾರೆ. ಮಳೆಗಾಲದಲ್ಲಿ ದಾರಿಯೇ ಮುಚ್ಚಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಹೀಗಾಗಿ ನಾವು ಎಲ್ಲಕ್ಕಿಂತ ಮೇಲೆ ಇಡುವುದು ಈ ಎರಡರ ಬೆಸುಗೆಯನ್ನು: ಊರಿನವರೇ ಒಬ್ಬರು, ರಾತ್ರಿ ಮಲಗಲು ಬರುವವರು. ಪ್ರಾಣಿಯ ವಿಷಯವನ್ನು ಅವರಿಗೆ ಎರಡು ವಾರದಲ್ಲಿ ಕಲಿಸಬಹುದು. ಊರನ್ನು ಹೊರಗಿನವರಿಗೆ ಎರಡು ವಾರದಲ್ಲಿ ಕಲಿಸಲಾಗದು.

ಬೋರ್ಡಿಂಗ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಅದರ ಎರಡರಷ್ಟಕ್ಕೂ ಮೇಲೆ. ತಿರುವಿನ ದಾರಿಯಲ್ಲಿ ಗಿಳಿ ವಾಂತಿ ಮಾಡುತ್ತದೆ, ಹಾವು ತಿಂದದ್ದನ್ನು ಕಕ್ಕುತ್ತದೆ. ಅದಕ್ಕಿಂತ ಭಯದ್ದು ರೋಗ. ಗಿಳಿಗಳ ಕೊಕ್ಕು-ಗರಿ ರೋಗದ ವೈರಸ್ ಗರಿಯ ಧೂಳಿನಲ್ಲೇ ಹರಡುತ್ತದೆ, ಔಷಧವಿಲ್ಲ. ಹಾವಿನ ಉಣ್ಣಿ ಒಂದು ಗೂಡಿನಿಂದ ಇನ್ನೊಂದಕ್ಕೆ ತಾನೇ ನಡೆದು ಹೋಗುತ್ತದೆ. ನಾಯಿ ಬೊಗಳುವ ಸದ್ದಿನಲ್ಲಿ ಮೊಲ ಊಟ ಬಿಡುತ್ತದೆ. ಬೇರೆ ಹಕ್ಕಿಗಳಿಲ್ಲದ ನೆಂಟರ ಮನೆಗೆ ಸಣ್ಣ ಜಾತಿಯ ಗಿಳಿಗಳಾದ ಬಡ್ಜಿಯನ್ನೋ ಕಾಕಟೀಲನ್ನೋ ಒಂದು ಜೋಡಿ ಒಯ್ಯುವುದಾದರೆ ಸರಿ. ಕಾಕಟೀಲ್ ಕತ್ತಲಲ್ಲಿ ಬೆದರಿ ಗೂಡಿಗೆ ಬಡಿದುಕೊಳ್ಳುವುದರಿಂದ ರಾತ್ರಿ ಸಣ್ಣ ದೀಪ ಉರಿಯುತ್ತಿರಲಿ.

ಇನ್ನು ಯಂತ್ರಗಳು. ಮೀನಿಗೆ ಮಾತ್ರ ಒಂದು ಮಟ್ಟಿಗೆ ಒಪ್ಪಬಹುದು, ಅದೂ ಆಟೊ ಫೀಡರ್ ಬಿಟ್ಟು. ತೊಟ್ಟಿಯ ಆವಿಗೆ ಮಳೆಗಾಲದ ತೇವವೂ ಸೇರಿ ಆಹಾರ ಫೀಡರ್‌ನ ಬಾಯಲ್ಲೇ ಗಟ್ಟಿಯಾಗುತ್ತದೆ, ಆಮೇಲೆ ಒಮ್ಮೆಗೇ ಉದುರುತ್ತದೆ. ಬೆಳೆದ ಮೀನು ಒಂದು ವಾರ ಉಪವಾಸವಿದ್ದರೂ ಸಾಯುವುದಿಲ್ಲ. ಅತಿಯಾಗಿ ಹಾಕಿದ ಆಹಾರ ಕೊಳೆತು ಅಮೋನಿಯಾ ಏರಿದರೆ ಎರಡು ದಿನದಲ್ಲಿ ಸಾಯುತ್ತದೆ. ಪಕ್ಕದವರಿಗೆ ಒಂದೊಂದು ಹೊತ್ತಿನದನ್ನು ಪ್ರತ್ಯೇಕ ಪೊಟ್ಟಣ ಕಟ್ಟಿ ದಿನ ಬರೆದು ಕೊಡಿ, ಡಬ್ಬವನ್ನು ಅಡಗಿಸಿಡಿ. ಸೆಲ್‌ನಿಂದ ಓಡುವ ಏರ್ ಪಂಪ್ ಒಂದಿರಲಿ. ವೈಫೈ ಕ್ಯಾಮೆರಾ ಕರೆಂಟ್ ಇರುವ ದಿನ ಚೆನ್ನಾಗಿ ಕೆಲಸ ಮಾಡುತ್ತದೆ. ಕರೆಂಟ್ ಹೋಗಿ ಟವರ್‌ನ ಬ್ಯಾಟರಿಯೂ ಮುಗಿದಾಗ ಕಣ್ಣು ಮುಚ್ಚುತ್ತದೆ, ನೋಡಬೇಕಾಗಿದ್ದದ್ದು ಆಗಲೇ. ಕಾಳುಗಳನ್ನು ಫೀಡರ್‌ನಲ್ಲಿ ತುಂಬಿಡುವುದೂ ಬೇಡ. ಬೂಷ್ಟು ಹಿಡಿದ ಸೂರ್ಯಕಾಂತಿ ಬೀಜದಿಂದ ಗಿಳಿಯ ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಶಿಲೀಂಧ್ರ ಸೇರುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಎರಡೆರಡು ದಿನದ್ದು ಬೇರೆ ಬೇರೆ ಇಟ್ಟರೆ ಸಾಕು.

ಯಾರೇ ಬರಲಿ, ಕಾಗದಪತ್ರ ಅವರ ಕೈಗೆ ಸಿಗುವಂತಿರಬೇಕು. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಆಫ್ರಿಕನ್ ಗ್ರೇ, ಬಾಲ್ ಪೈಥಾನ್, ಇಗ್ವಾನಾದಂತಹ ಪ್ರಾಣಿಗಳನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮನೆಯವರಿಲ್ಲದಾಗ ಅರಣ್ಯ ಇಲಾಖೆಯವರು ಬಂದು ಕೇಳಿದರೆ ತೋರಿಸಲು ಅದರ ಪ್ರತಿ ಗೂಡಿನ ಪಕ್ಕದಲ್ಲೇ ಇರಲಿ. ಊರ ಗಿಳಿ, ಕಾಡು ಮೈನಾ, ನಕ್ಷತ್ರ ಆಮೆ ಸಾಕುವುದು ಅಪರಾಧ. ಅಂಥವಿರುವ ಮನೆಯ ಹೊಣೆಯನ್ನು ಸಿಟ್ಟರ್ ಒಪ್ಪಿಕೊಳ್ಳಬಾರದು.

ಜೊತೆಗೆ ಒಂದು ಲಕೋಟೆ: ಹಕ್ಕಿ, ಸರೀಸೃಪ ನೋಡುವ ಮೈಸೂರು ಅಥವಾ ಬೆಂಗಳೂರಿನ ಡಾಕ್ಟರ ನಂಬರು, ಕತ್ತಲಲ್ಲೂ ಬರುವ ಜೀಪ್ ಡ್ರೈವರ್ ನಂಬರು, ಚಿಕಿತ್ಸೆಗೆ ಮನೆಯವರ ಸಹಿ ಇರುವ ಒಪ್ಪಿಗೆ ಚೀಟಿ, ನಗದು. ಸಾಗಿಸುವ ಪೆಟ್ಟಿಗೆ ಅಟ್ಟದಿಂದ ಇಳಿದು ಬಾಗಿಲ ಬಳಿ ಇರಲಿ. ಹೊರಡುವ ಮುನ್ನ ಹಗಲಿನಲ್ಲೇ ಒಂದು ಸಲ ಮೇನ್ ಸ್ವಿಚ್ ಆರಿಸಿ, ಇನ್ವರ್ಟರ್, ಥರ್ಮಕೋಲ್, ಬಿಸಿನೀರ ಬಾಟಲಿ ಎಲ್ಲವನ್ನೂ ನೋಡಿಕೊಳ್ಳುವವರ ಕೈಯಿಂದಲೇ ಮಾಡಿಸಿ ನೋಡಿ.