ಎರಡನೆಯ ನೋಟದಲ್ಲಿ ‘ದಿ ವೈರ್’

ಹೊಸ ಧಾರಾವಾಹಿಯೊಂದು ಬಂದಾಗ ವಿಮರ್ಶಕರು ಅದನ್ನು ಪದೇ ಪದೇ ಹೋಲಿಸಿ ನೋಡುವ ಹಳೆಯ ಕೃತಿಗಳಲ್ಲಿ ‘ದಿ ವೈರ್’ ಒಂದು. ಪೊಲೀಸರು ಮತ್ತು ಮಾದಕವಸ್ತು ಜಾಲದ ಕಥೆ ಹೇಳುವ, ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 2002ರಿಂದ 2008ರವರೆಗೆ ಐದು ಸೀಸನ್‌ಗಳಾಗಿ ಪ್ರಸಾರವಾದ ಇದರ 60 ಕಂತುಗಳನ್ನು ಈಚೆಗೆ ಎರಡನೆಯ ಬಾರಿ ನೋಡಿ ಮುಗಿಸಿದೆ. ಇದನ್ನು ಕಾದಂಬರಿಗೆ ಹೋಲಿಸುವುದು ವಿಮರ್ಶಕರ ವಾಡಿಕೆ. ಆ ಮಾತು ಎಷ್ಟು ನಿಜವೆಂಬುದು ನನಗೆ ಮನದಟ್ಟಾದದ್ದು ಈ ಸಲವೇ.

ಮೊದಲ ಸೀಸನ್‌ನ ಮೂರನೆಯ ಕಂತಿನ ಒಂದು ದೃಶ್ಯವನ್ನೇ ನೋಡಿ. ಅಮೆರಿಕದ ಬಾಲ್ಟಿಮೋರ್ ನಗರದ ವಸತಿ ಸಮುಚ್ಚಯವೊಂದರ ಅಂಗಳದಲ್ಲಿ ಮಾದಕವಸ್ತು ಮಾರುವ ಹುಡುಗರಾದ ಬೋಡಿ ಮತ್ತು ವಾಲೇಸ್, ಚದುರಂಗದ ಕಾಯಿಗಳನ್ನಿಟ್ಟುಕೊಂಡು, ಅದೇ ಮಣೆಯ ಮೇಲೆ ಆಡುವ ಸರಳ ಆಟವಾದ ಚೆಕರ್ಸ್ ಆಡುತ್ತಿರುತ್ತಾರೆ. ಅವರ ಮೇಲಿನವನಾದ ಡಿ’ಆಂಜೆಲೊ ಚದುರಂಗ ಹೇಳಿಕೊಡಲು ಕೂರುತ್ತಾನೆ. ರಾಜ ಯಾವತ್ತಿದ್ದರೂ ರಾಜನೇ, ಕಾಲಾಳುಗಳು ಬೇಗ ಸಾಯುತ್ತವೆ ಎಂದು ಅವನು ವಿವರಿಸುವಾಗ, ಬೋಡಿಯ ಮನಸ್ಸು ಮಾತ್ರ ಆಚೆಯ ತುದಿ ಮುಟ್ಟುವ ಕಾಲಾಳಿನ ಮೇಲೆಯೇ ನಿಂತುಬಿಡುತ್ತದೆ. ಮೊದಲ ಸಲ ಇದು ಚುರುಕಾದ ಸಂಭಾಷಣೆಯಷ್ಟೇ ಅನ್ನಿಸಿತ್ತು. ಆ ಹುಡುಗರ ಮುಂದಿನ ಗತಿ ಗೊತ್ತಿದ್ದು ನೋಡಿದಾಗ ಗಂಟಲು ಕಟ್ಟಿತು.

ಇದನ್ನು ರೂಪಿಸಿದ ಡೇವಿಡ್ ಸೈಮನ್ ಅದೇ ನಗರದ ಪತ್ರಿಕೆಯ ಅಪರಾಧ ವರದಿಗಾರರಾಗಿದ್ದವರು. ಜೊತೆಗಾರ ಎಡ್ ಬರ್ನ್ಸ್ ಅಲ್ಲಿನ ಪೊಲೀಸ್ ಪತ್ತೇದಾರರಾಗಿದ್ದು, ಬಳಿಕ ಶಾಲಾ ಶಿಕ್ಷಕರಾದವರು. ಶಾಲೆಯನ್ನು ಕೇಂದ್ರವಾಗಿಟ್ಟುಕೊಂಡ ನಾಲ್ಕನೆಯ ಸೀಸನ್‌ನ ತರಗತಿಗಳಲ್ಲಿ ಕಾಣುವ ಗದ್ದಲ, ದಣಿವು, ಅಪರೂಪಕ್ಕೊಮ್ಮೆ ಮಿಂಚುವ ಕಲಿಕೆ ಇವೆಲ್ಲ ಒಳಗಿದ್ದು ಬಲ್ಲವರು ಬರೆದಂತಿವೆ. ಇಡೀ ಧಾರಾವಾಹಿಯ ಶಿಖರ ಅದೇ ಎಂಬುದು ನನ್ನ ದೃಢ ಅಭಿಪ್ರಾಯ. ಇಂಥ ಕೃತಿಗೆ ಅಮೆರಿಕದ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿ ಒಂದೇ ಒಂದೂ ಬರಲಿಲ್ಲವೆಂಬುದು ಇಂದಿಗೂ ನೋವಿನ ಸಂಗತಿ.

ಐದನೆಯ ಸೀಸನ್ ಈ ಎತ್ತರದಲ್ಲಿ ನಿಲ್ಲುವುದಿಲ್ಲ. ತನಿಖೆಗೆ ಹಣ ಸಿಗಲೆಂದು ಪತ್ತೇದಾರನೊಬ್ಬ ಇಲ್ಲದ ಸರಣಿ ಹಂತಕನನ್ನು ಹುಟ್ಟುಹಾಕುವ ಕಥೆ, ಅದುವರೆಗೆ ಕಾಯ್ದುಕೊಂಡು ಬಂದ ಸಹಜತೆಯನ್ನು ಸಡಿಲಿಸುತ್ತದೆ. ಪತ್ರಿಕಾ ಕಚೇರಿಯ ಸಂಪಾದಕರ ಚಿತ್ರಣವೂ ಏಕಮುಖವಾಗಿದೆ.

ನೋಡುವವರಿಗೆ ಚಿತ್ರದ ಅಳತೆಯ ಬಗ್ಗೆ ಒಂದು ಮಾತು. ಮೂಲದಲ್ಲಿ ಹಳೆಯ ಟಿವಿ ಪರದೆಯ 4:3 (ಅಗಲ-ಎತ್ತರದ ಪ್ರಮಾಣ) ಚೌಕಟ್ಟಿನಲ್ಲಿದ್ದ ದೃಶ್ಯಗಳನ್ನು 2014ರಲ್ಲಿ ಅಗಲ ಪರದೆಗೆ ಹೊಂದಿಸಲಾಯಿತು. ಬಣ್ಣ, ಸ್ಪಷ್ಟತೆ ಹೆಚ್ಚಿವೆ. ಆದರೆ ಇಬ್ಬರು ಒತ್ತಾಗಿ ನಿಂತು ಮಾತಾಡುವ ಕಡೆ ಬದಿಗಳಲ್ಲಿ ಖಾಲಿ ಜಾಗ ತೆರೆದುಕೊಂಡು ಆ ಬಿಗಿ ಕಡಿಮೆಯಾಗುತ್ತದೆ. ಹಳೆಯ ಡಿವಿಡಿ ಸಿಕ್ಕರೆ ಅದನ್ನೇ ನೋಡಿ. ಇಡೀ ಸೀಸನ್ ಒಂದೇ ದಿನ ಬಿಡುಗಡೆಯಾಗುವ ಈಗಿನ ಧಾರಾವಾಹಿಗಳನ್ನು ನೋಡುವ ಅವಸರದಲ್ಲಿ ಇದನ್ನು ನೋಡಬೇಡಿ. ವಾರಕ್ಕೊಂದು ಕಂತಿನಂತೆ ಪ್ರಸಾರವಾದ ಕೃತಿಯಿದು, ರಾತ್ರಿಗೊಂದು ಕಂತು ಸಾಕು.