ಬಾರ್ಸಿಲೋನಾದಲ್ಲಿ ಎಲ್ಲಿ ಉಳ್ಕೋಬೇಕು? ಗಾಥಿಕ್, ಎಶಾಂಪ್ಲ, ಪೊಬ್ಲೆನೌ, ಬಾದಲೋನಾ ನಾಲ್ಕೂ ಕಡೆ ಮಲಗೆದ್ದ ಮೇಲೆ

ಬಾರ್ಸಿಲೋನಾಗೆ ಹೋಟೆಲ್ ಹುಡುಕೋರು ಮೊದಲು ಕೇಳೋದು ಬೀಚಿಗೆ ಎಷ್ಟು ದೂರ ಅಂತ, ಆಮೇಲೆ ಎಷ್ಟು ಸ್ಟಾರ್ ಅಂತ. ಅವೆರಡನ್ನೂ ನಿಧಾನಕ್ಕೆ ನೋಡ್ಕೊಳ್ಳಿ, ಮೊದಲು ಆ ರೂಮಿನ ಕಿಟಕಿ ಯಾವ ಕಡೆಗೆ ತೆರೆಯುತ್ತೆ ಅಂತ ಕೇಳಿ. ಈ ಊರಲ್ಲಿ ರಾತ್ರಿ ನಿದ್ದೆ ಬರುತ್ತೋ ಇಲ್ವೋ ಅನ್ನೋದು ಅದರ ಮೇಲೆ ನಿಂತಿದೆ, ದುಡ್ಡಿನ ಮೇಲೆ ಅಲ್ಲ.

ನಾವಿರೋದು ಜರ್ಮನಿಲಿ. ಊರಿಂದ ಯಾರೇ ಬಂದ್ರೂ ಬಿಸಿಲಿರೋ ಕಡೆ, ಸಮುದ್ರ ಇರೋ ಕಡೆ ಕರ್ಕೊಂಡೋಗಿ ಅಂತಾರೆ, ಜೊತೆಗೆ ನಮ್ಮನೆಯವ್ರಿಗೆ ಆಫೀಸ್ ಕಡೆಯಿಂದ ಮೊಬೈಲ್ ವರ್ಲ್ಡ್ ಕಾಂಗ್ರೆಸ್ (ಬಾರ್ಸಿಲೋನಾದಲ್ಲಿ ವರ್ಷಕ್ಕೊಮ್ಮೆ ನಡೆಯೋ ಮೊಬೈಲ್ ಕಂಪನಿಗಳ ದೊಡ್ಡ ಶೋ) ಕೆಲಸ ಬೇರೆ ಇರುತ್ತೆ, ಹಂಗಾಗಿ ಚಳಿಲೂ ಹೋಗಿದೀವಿ, ಸೆಕೆಲೂ ಹೋಗಿದೀವಿ, ಇಬ್ರೇ ಹೋಗಿದೀವಿ, ಮಂಡಿನೋವಿರೋ ಅತ್ತೆನ ಕರ್ಕೊಂಡೂ ಹೋಗಿದೀವಿ. ನಮ್ಮದು ಪೂರ್ತಿ ವೆಜ್ ಮನೆ, ಬಜೆಟ್ಟು ಮೀಡಿಯಂ. ಆ ಲೆಕ್ಕದಲ್ಲಿ ಓದ್ಕೊಳ್ಳಿ.

ಮೊದಲನೇದು ಗಾಥಿಕ್ ಕ್ವಾರ್ಟರ್, ಅಂದ್ರೆ ಹಳೇ ಊರು. ರಂಬ್ಲಾ ರಸ್ತೆಯ ಪಕ್ಕ, ಕೆಥೆಡ್ರಲ್ ಇದೆ, ರೋಮನ್ ಕಾಲದ ಗೋಡೆ ಉಳ್ಕೊಂಡಿದೆ, ಕೈ ಚಾಚಿದ್ರೆ ಎರಡೂ ಕಡೆ ಗೋಡೆ ಮುಟ್ಟುತ್ತೇನೋ ಅನ್ನೋ ಗಲ್ಲಿಗಳು. ಇಲ್ಲಿ ಅಗ್ಗಕ್ಕೆ ಸಿಗೋದು ಹೊಸ್ತಾಲ್, ಡಾರ್ಮಿಟರಿ ಅಲ್ಲ, ಹಳೇ ಬಿಲ್ಡಿಂಗಿನ ಒಂದೋ ಎರಡೋ ಫ್ಲೋರಲ್ಲಿ ನಡೆಸೋ ಸಣ್ಣ ಲಾಡ್ಜು. ನಮಗೆ ಡಬಲ್ ರೂಮು ಸುಮಾರು 85 ಯೂರೋಗೆ ಸಿಕ್ತು, ರೂಮು ಕ್ಲೀನು, ನಡೆಸೋ ಅಮ್ಮನೂ ಒಳ್ಳೇವ್ರು, ಬಾಲ್ಕನಿ ಬೇರೆ ಇತ್ತು, ಫೋಟೋದಲ್ಲಿ ಆ ಬಾಲ್ಕನಿ ನೋಡೇ ಜನ ಬುಕ್ ಮಾಡೋದು. ಆ ಬಾಲ್ಕನಿ ಕೆಳಗೇ ಬಾರು. ರಾತ್ರಿ ಒಂದೂವರೆ ತನಕ ಕುಡಿಯೋರ ಮಾತು, ಅದು ಮುಗೀತು ಅನ್ನೋಷ್ಟರಲ್ಲಿ ಕಸದ ಲಾರಿ, ಗಾಜಿನ ಬಾಟ್ಲಿ ಸುರಿಯೋ ಸದ್ದು, ಅದಾದ್ಮೇಲೆ ರಸ್ತೆ ತೊಳೆಯೋ ಗಾಡಿ, ಬೆಳಗ್ಗೆ ಐದಕ್ಕೆ ಫ್ಲೈಟ್ ಹಿಡಿಯೋರ ಟ್ರಾಲಿ ಚಕ್ರ ಕಲ್ಲಿನ ಮೇಲೆ ಕಟಕಟಕಟ. ಅತ್ತೆ ಬೆಳಗ್ಗೆ ಎದ್ದು, "ಏನಮ್ಮಾ, ಈ ಊರಲ್ಲಿ ದಿನಾ ಜಾತ್ರೆನಾ?" ಅಂದ್ರು. ಕಿಟಕಿ ಮುಚ್ಚಿದ್ರೆ ಸೆಕೆ, ಎಸಿ ಇದ್ರೂ ಹಳೇ ಮರದ ಬಾಗಿಲು ಸದ್ದು ತಡೆಯಲ್ಲ.

ಇನ್ನೊಂದು ವಿಷ್ಯ, ಟ್ಯಾಕ್ಸಿ ಎಷ್ಟೋ ಗಲ್ಲಿ ಒಳಗೆ ಬರಲ್ಲ, ವಿಯಾ ಲಯೆತಾನಾ ರೋಡಲ್ಲೋ ರಂಬ್ಲಾದಲ್ಲೋ ಇಳಿಸಿ ಹೋಗ್ತಾರೆ, ಅಲ್ಲಿಂದ ಬ್ಯಾಗು ಎಳ್ಕೊಂಡು ನಡೀಬೇಕು, ಆ ಜಾಗ ಜೇಬುಗಳ್ಳರಿಗೆ ಫೇಮಸ್ಸು. ಇಷ್ಟೆಲ್ಲಾ ಬೈದ್ರೂ ಜನವರಿಲಿ ಇಬ್ರೇ ಹೋದಾಗ ಇದೇ ಏರಿಯಾ ನಂಗೆ ತುಂಬಾ ಹಿಡಿಸ್ತು. ಚಳಿಗೆ ಹೊರಗೆ ಕೂರೋರು ಕಮ್ಮಿ, ಕಿಟಕಿ ಹೆಂಗೂ ಮುಚ್ಚಿರುತ್ತೆ, ಎಲ್ಲದಕ್ಕೂ ನಡೆದೇ ಹೋಗ್ಬೋದು. ಟೈಲ್ಸ್ ನೆಲ ಮಾತ್ರ ಐಸು, ಸಾಕ್ಸು ಮರೀಬೇಡಿ.

ಎರಡನೇದು ಎಶಾಂಪ್ಲ. ಮ್ಯಾಪಲ್ಲಿ ಚೌಕ ಚೌಕ ಕಾಣುತ್ತಲ್ಲ ಅದು. ಇಲ್ದೆಫೊನ್ಸ್ ಸೆರ್ದಾ ಅನ್ನೋ ಇಂಜಿನಿಯರ್ 1859ರ ಪ್ಲಾನಲ್ಲಿ ಗೀಚಿದ್ದು, ಒಂದೊಂದು ಬ್ಲಾಕು ಹೆಚ್ಚುಕಮ್ಮಿ 113 ಮೀಟರು, ನಾಲ್ಕೂ ಮೂಲೆ ಕತ್ತರಿಸಿರ್ತಾರೆ, ನಡುವೆ ದೊಡ್ಡ ಅಂಗಳ. ಕಿಟಕಿ ಕಥೆ ಶುರುವಾಗೋದೇ ಇಲ್ಲಿ. ಬುಕಿಂಗ್ ಸೈಟಲ್ಲಿ ಇಂಟೀರಿಯರ್ ರೂಮ್ ಅಂತ ಹತ್ತಿಪ್ಪತ್ತು ಯೂರೋ ಕಮ್ಮಿಗೆ ಹಾಕಿರ್ತಾರೆ, ನಮ್ಮೋರು ಒಳಗಿನ ರೂಮು ಅಂದ ತಕ್ಷಣ ಬೇಡ ಅಂತಾರೆ, ರೋಡ್ ಕಡೆದು ತಗೋತಾರೆ. ಅರಗೋ ರಸ್ತೆ ಅಥವಾ ಬಾಲ್ಮೆಸ್ ರಸ್ತೆ ಕಡೆಗೆ ಕಿಟಕಿ ಬಂತು ಅಂದ್ರೆ ಬೆಳಗಿನ ತನಕ ಸ್ಕೂಟರು, ಬಸ್ಸು, ಆಂಬುಲೆನ್ಸು. ಒಳಗಿನ ರೂಮಲ್ಲೇ ಎರಡು ಜಾತಿ ಇದೆ, ಇದನ್ನ ಯಾವ ಸೈಟೂ ಬಿಡಿಸಿ ಹೇಳಲ್ಲ. ಒಂದು, ಬ್ಲಾಕಿನ ನಡುವಿನ ದೊಡ್ಡ ಅಂಗಳಕ್ಕೆ ತೆರೆಯೋದು: ಬೆಳಕು ಬರುತ್ತೆ, ಯಾರದ್ದೋ ಬಟ್ಟೆ ಒಣಗಿರುತ್ತೆ, ಗಿಡ ಇರ್ತವೆ, ರಾತ್ರಿ ಎಷ್ಟು ಸೈಲೆಂಟು ಅಂದ್ರೆ ಬಾರ್ಸಿಲೋನಾ ನಟ್ಟನಡುವೆ ಇದೀವಿ ಅಂತ ನಂಬಕ್ಕಾಗಲ್ಲ. ಇನ್ನೊಂದು, ಬಿಲ್ಡಿಂಗ್ ಒಳಗೇ ಬೆಳಕಿಗೆ ಅಂತ ಬಿಟ್ಟಿರೋ ಕಿಷ್ಕಿಂಧೆಯಂಥ ಓಣಿಗೆ ತೆರೆಯೋದು, ಎದುರಿಗೆ ಗೋಡೆ, ಕೆಳಗಿನ ಮನೆಯ ಬೆಳ್ಳುಳ್ಳಿ ಹುರಿಯೋ ವಾಸನೆ, ಮೇಲಿನ ಮನೆಯ ಫ್ಲಶ್ಶು. ಎರಡಕ್ಕೂ ಹೆಸರು ಇಂಟೀರಿಯರ್ರೇ, ರೇಟೂ ಹೆಚ್ಚುಕಮ್ಮಿ ಅದೇ. ಹೋಟೆಲ್ಲಿಗೆ ಒಂದು ಇಮೇಲ್ ಹಾಕಿ ಬ್ಲಾಕಿನ ಅಂಗಳನಾ, ಬೆಳಕಿನ ಓಣಿನಾ ಅಂತ ನೇರ ಕೇಳಿ, ಉತ್ತರ ಕೊಡ್ತಾರೆ. ಅಂಗಳದ ಕಡೆ ರೂಮು ಸಿಕ್ಕಿದ್ರೆ ಎರಡ್ಮೂರು ದಿನಕ್ಕೆ ಬರೋರಿಗೆ ಇದಕ್ಕಿಂತ ಒಳ್ಳೇದು ಇಲ್ಲ, ನನ್ನ ಫಸ್ಟ್ ಚಾಯ್ಸ್ ಅದೇ.

ಎಶಾಂಪ್ಲದಲ್ಲಿ ಫ್ಲೋರ್ ಲೆಕ್ಕನೂ ಹುಷಾರಾಗಿ ನೋಡ್ಬೇಕು. ಹಳೇ ಬಿಲ್ಡಿಂಗುಗಳಲ್ಲಿ ಗ್ರೌಂಡ್ ಆದ್ಮೇಲೆ ಎಂತ್ರೆಸೋಲ್ ಅಂತ ಒಂದು, ಪ್ರಿನ್ಸಿಪಾಲ್ ಅಂತ ಇನ್ನೊಂದು, ಅದಾದ್ಮೇಲೇ ಒಂದನೇ ಮಹಡಿ ಶುರು. ಹಂಗಾಗಿ ಎರಡನೇ ಮಹಡಿ, ಲಿಫ್ಟ್ ಇಲ್ಲ ಅಂತ ಬರೆದಿದ್ರೆ ನಾಲ್ಕು ಮಹಡಿ ಮೆಟ್ಲು ಇರ್ಬೋದು. ಮಂಡಿನೋವಿರೋರ ಜೊತೆ ಹೋಗೋರು ಲಿಫ್ಟ್ ಫಿಲ್ಟರ್ ಹಾಕದೇ ಹುಡುಕ್ಲೇಬೇಡಿ.

ಏರ್ಪೋರ್ಟಿಂದ ಇಲ್ಲಿಗೆ ಬರೋದು ಸಲೀಸು. ಏರೋಬಸ್ ಪ್ಲಾಸಾ ಕತಲೂನ್ಯಾ ತನಕ ಬರುತ್ತೆ, ಸುಮಾರು 35 ನಿಮಿಷ. ಅದಕ್ಕಿಂತ ಅಗ್ಗದ ದಾರಿ ಟರ್ಮಿನಲ್ 2ರಿಂದ ಹೊರಡೋ ಆರ್2 ನೋರ್ದ್ ಟ್ರೈನು, ಅರ್ಧ ಗಂಟೆಗೊಂದು, ಎಶಾಂಪ್ಲ ನಡುವಿನ ಪಸೇಜ್ ದೆ ಗ್ರಾಸಿಯಾ ಸ್ಟೇಷನ್ನಲ್ಲೇ ಇಳಿಸುತ್ತೆ. ಹತ್ತು ಟ್ರಿಪ್ಪಿನ ಟಿ-ಕ್ಯಾಶುವಲ್ ಕಾರ್ಡು ಈ ಟ್ರೈನಿಗೆ ನಡೆಯುತ್ತೆ, ಏರ್ಪೋರ್ಟ್ ಮೆಟ್ರೋ ಸ್ಟೇಷನ್ನಿಗೆ ಮಾತ್ರ ನಡೆಯಲ್ಲ. ಒಂದು ಕಾರ್ಡ್ ತಗೊಂಡು ಮೂರು ಜನ ಹಂಚ್ಕೊಳ್ಳೋ ಹಂಗಿಲ್ಲ, ಒಬ್ರಿಗೆ ಒಂದೇ. ಹಂಚ್ಕೊಳ್ಳೋಕೆ ಟಿ-ಫ್ಯಾಮಿಲಿಯರ್ ಅಂತ ಎಂಟು ಟ್ರಿಪ್ಪಿಂದು ಬೇರೆ ಇದೆ.

ಈಗ ರೇಟು. ನಾವು ಮೇ ತಿಂಗಳಲ್ಲಿ ಹೋದಾಗ ಎಶಾಂಪ್ಲದ ತ್ರೀ ಸ್ಟಾರ್ ಡಬಲ್ ರೂಮು ಸುಮಾರು 120 ಯೂರೋ. ಸೆಂಟರಲ್ಲಿ ಇಷ್ಟಕ್ಕಿಂತ ಇಳಿಯೋದು ಕಷ್ಟ, ಯಾಕಂದ್ರೆ 2017ರಲ್ಲಿ ನಗರಸಭೆ ಒಂದು ಪ್ಲಾನ್ ಪಾಸ್ ಮಾಡಿ ಸೆಂಟರಲ್ಲಿ ಹೊಸ ಹೋಟೆಲ್ ಕಟ್ಟೋಕೇ ತಡೆ ಹಾಕಿದೆ, ಬರೋ ಜನ ಮಾತ್ರ ಕಮ್ಮಿ ಆಗಿಲ್ಲ. ಮೇಲೆ ಟೂರಿಸ್ಟ್ ಟ್ಯಾಕ್ಸು. ಎಷ್ಟೋ ಸಲ ಇದು ಬುಕಿಂಗ್ ರೇಟಲ್ಲಿ ಸೇರಿರಲ್ಲ, ಚೆಕಿನ್ ಟೈಮಲ್ಲಿ ಕೇಳ್ತಾರೆ. ಕತಲೂನ್ಯಾ ಅಂದ್ರೆ ಬಾರ್ಸಿಲೋನಾ ಇರೋ ಪ್ರಾಂತ್ಯ, ಅದರ ಸರ್ಕಾರದ್ದು ಒಂದು, ನಗರದ ಸರ್ಚಾರ್ಜು ಇನ್ನೊಂದು. ನಗರದ್ದನ್ನ 2024ರ ಅಕ್ಟೋಬರಿಂದ ತಲೆಗೆ ದಿನಕ್ಕೆ 4 ಯೂರೋ ಮಾಡಿದ್ರು, ಇನ್ನೂ ಏರಿಸೋ ಮಾತೂ ನಡೀತಿತ್ತು, ಹೋಗೋ ಮುಂಚೆ ಹೊಸ ರೇಟು ನೋಡ್ಕೊಳ್ಳಿ. 4 ಅಂತಲೇ ಇಟ್ಕೊಂಡ್ರೂ ಮೂರು ಜನ ದೊಡ್ಡೋರಿಗೆ ದಿನಕ್ಕೆ 12 ಯೂರೋ ಅಲ್ಲೇ ಹೋಯ್ತು, ಸರ್ಕಾರದ್ದು ಬೇರೆ. 16 ವರ್ಷದ ತನಕ ಮಕ್ಕಳಿಗೆ ಇಲ್ಲ, ಏಳು ರಾತ್ರಿ ಆದ್ಮೇಲೆ ಯಾರಿಗೂ ಇಲ್ಲ.

ಹೋಟೆಲ್ ಬ್ರೇಕ್‌ಫಾಸ್ಟ್ ನಮ್ಮಂಥ ವೆಜ್‌ಗಳಿಗೆ ದಂಡ. ಟೇಬಲ್ ತುಂಬ ಹಂದಿಮಾಂಸದ ತಟ್ಟೆ, ನಮಗೆ ಉಳಿಯೋದು ಕ್ರಸಾಂಟು, ಹಣ್ಣು. ಅದರ ಬದಲು ರೂಮ್ ಓನ್ಲಿ ತಗೊಂಡು ಕೆಳಗಿನ ಕೆಫೆಗೆ ಹೋಗಿ. ಪಾ ಅಂಬ್ ತುಮಾಕೆತ್ ಅಂತ ಸಿಗುತ್ತೆ, ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜಿ ಆಲಿವ್ ಎಣ್ಣೆ, ಉಪ್ಪು, ಅಷ್ಟೇ, ಬಾಯಿಗೆ ಹಿತ. ಜೊತೆಗೊಂದು ಕೊರ್ತಾದೊ ಹೇಳಿ, ಹಾಲು ಕಮ್ಮಿ, ಸ್ಟ್ರಾಂಗ್ ಇರುತ್ತೆ, ನಮ್ಮತ್ತೆ ಅದನ್ನ ಒಪ್ಪಿದ್ರು ಅಂದ್ರೆ ಇನ್ನೇನು ಹೇಳ್ಬೇಕು.

ಮೂರನೇದು ಪೊಬ್ಲೆನೌ, ಸಮುದ್ರದ ಕಡೆ. ಹಳೇ ಬಟ್ಟೆ ಮಿಲ್ಲುಗಳ ಏರಿಯಾ, 2000ದಿಂದೀಚೆಗೆ ಐಟಿ ಆಫೀಸು ಬಂದವು, ಮಿಲ್ಲಿನ ಚಿಮಣಿಗಳನ್ನ ಅಲ್ಲಲ್ಲಿ ಹಂಗೇ ಉಳಿಸಿದಾರೆ. ನಡುವೆ ರಂಬ್ಲಾ ದೆಲ್ ಪೊಬ್ಲೆನೌ ಅಂತ ಮರದ ನೆರಳಿರೋ ನಡಿಗೆ ರಸ್ತೆ, ಸಂಜೆ ಅಜ್ಜ ಅಜ್ಜಿಯರು ಬೆಂಚಲ್ಲಿ ಕೂತಿರ್ತಾರೆ, ಮಕ್ಕಳು ಆಡ್ತಿರ್ತಾವೆ. ಟೂರಿಸ್ಟು ಇಲ್ವೇ ಇಲ್ಲ ಅಂತಲ್ಲ, ಆದ್ರೆ ಊರಿನೋರೇ ಜಾಸ್ತಿ. ಬೊಗಾತೆಲ್ ಬೀಚಿಗೆ ನಡ್ಕೊಂಡು ಹೋಗ್ಬೋದು, ಬಾರ್ಸಲೊನೆಟಾ ಬೀಚಿನಷ್ಟು ಗಿಜಿಗಿಜಿ ಇಲ್ಲ. ಇಲ್ಲಿ ನಾವು ತಗೊಂಡಿದ್ದು ಸಣ್ಣ ಅಡುಗೆಮನೆ ಇರೋ ಅಪಾರ್ಟ್‌ಹೋಟೆಲು, ಮೂರು ಜನಕ್ಕೆ 140 ಯೂರೋ ಹತ್ರ. ಮೇಲ್ನೋಟಕ್ಕೆ ಇದೇ ದುಬಾರಿ. ಆದ್ರೆ ಎರಡು ರೂಮು ತಗೋಳೋದು ತಪ್ಪಿತು, ದಿನಕ್ಕೆ ಒಂದು ಹೊತ್ತು ಅಡುಗೆ ಮಾಡ್ಕೊಂಡ್ವಿ, ಕೊನೆಗೆ ಕೂಡಿ ನೋಡಿದ್ರೆ ಎಶಾಂಪ್ಲಕ್ಕಿಂತ ಕಮ್ಮಿನೇ ಆಯ್ತು. ಅಕ್ಕಿ, ಮೊಸರು, ತರಕಾರಿ ಯಾವ ಸೂಪರ್‌ಮಾರ್ಕೆಟಲ್ಲೂ ಸಿಗುತ್ತೆ, ಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿಗೆ ರವಾಲ್ ಏರಿಯಾದ ಪಾಕಿಸ್ತಾನಿ ಅಂಗಡಿಗಳಿಗೆ ಒಂದ್ಸಲ ಹೋಗಿ ಬನ್ನಿ. ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್ಟು ಹೆಚ್ಚಿನವು ಬಂದ್, ಶನಿವಾರವೇ ತಂದಿಟ್ಕೊಳ್ಳಿ. ನಲ್ಲಿ ನೀರು ಕುಡಿಯೋಕೆ ಸೇಫು, ರುಚಿ ಮಾತ್ರ ಕೇಳ್ಬೇಡಿ, ಎಲ್ಲರೂ ದೊಡ್ಡ ಕ್ಯಾನ್ ತರ್ತಾರೆ. ಊರಿಂದ ಅಲ್ಯುಮಿನಿಯಂ ಕುಕ್ಕರ್ ಹೊತ್ಕೊಂಡು ಬರೋರು ಒಲೆ ಇಂಡಕ್ಷನ್ನಾ ಅಂತ ಮೊದಲೇ ಕೇಳಿ, ಇಂಡಕ್ಷನ್ನಲ್ಲಿ ಅದು ಬಿಸಿ ಆಗಲ್ಲ, ಸ್ಟೀಲಿನ ಕುಕ್ಕರ್ ತಳಕ್ಕೆ ಮ್ಯಾಗ್ನೆಟ್ ಅಂಟಿದ್ರೆ ಓಕೆ.

ಪೊಬ್ಲೆನೌದ ತೊಂದ್ರೆ ಅಂದ್ರೆ ಮೆಟ್ರೋದ ಹಳದಿ ಲೈನು, ಎಲ್4. ಊರಿನ ಎಲ್ಲಾ ಕಡೆಗೂ ನೇರ ಹೋಗಲ್ಲ, ಪಸೇಜ್ ದೆ ಗ್ರಾಸಿಯಾದಲ್ಲಿ ಇಳಿದು ಎಲ್3ಗೆ ಬದಲಿಸೋಕೆ ಒಂದು ಉದ್ದದ ಸುರಂಗ ನಡೀಬೇಕು, ಅದರಲ್ಲಿ ಅತ್ತೆ "ಇದು ಮೆಟ್ರೋನಾ, ಗುಹೆನಾ" ಅಂತ ದಿನಾ ಬೈತಿದ್ರು. ಮೆಟ್ರೋ ಭಾನುವಾರದಿಂದ ಗುರುವಾರ ರಾತ್ರಿ ಹನ್ನೆರಡಕ್ಕೆ ನಿಲ್ಲುತ್ತೆ, ಶುಕ್ರವಾರ ಎರಡರ ತನಕ, ಶನಿವಾರ ರಾತ್ರಿಯಿಡೀ. ಜೂನ್ 23ರ ರಾತ್ರಿ ಸಾಂತ್ ಜುವಾನ್ ಹಬ್ಬ, ಬೀಚ್ ಪೂರ್ತಿ ಪಟಾಕಿ, ಅವತ್ತು ಈ ಕಡೆ ಯಾರೂ ಮಲಗಲ್ಲ, ಪಟಾಕಿ ಇಷ್ಟ ಇದ್ರೆ ಅದಕ್ಕೇ ಬನ್ನಿ.

ಬಾರ್ಸಲೊನೆಟಾದಲ್ಲಿ ಯಾಕೆ ಉಳೀಲಿಲ್ಲ ಅಂತ ಕೇಳೋರಿಗೆ: ನೋಡಿ ಬಂದ್ವಿ, ಮೀನುಗಾರರ ಹಳೇ ಕೇರಿ, ಮನೆಗಳು ಪುಟಾಣಿ, ಮೂವತ್ತು ಚದರ ಮೀಟರ್ ಆಸುಪಾಸು, ಸೂಟ್‌ಕೇಸ್ ತೆರೆದ್ರೆ ನಡೆಯೋಕೆ ಜಾಗ ಇಲ್ಲ. ಟೂರಿಸ್ಟ್ ಫ್ಲ್ಯಾಟುಗಳ ಮೇಲೆ ಅಲ್ಲಿನೋರಿಗೆ ಸಿಟ್ಟಿದೆ, ಸಿಟ್ಟು ಬರದೇ ಇನ್ನೇನು, ಬಾಡಿಗೆ ಏರಿ ಅವರ ಮಕ್ಕಳಿಗೇ ಮನೆ ಸಿಗ್ತಿಲ್ಲ. ನಗರದ ಹತ್ತು ಸಾವಿರ ಚಿಲ್ಲರೆ ಟೂರಿಸ್ಟ್ ಫ್ಲ್ಯಾಟ್ ಲೈಸೆನ್ಸನ್ನ 2028ರ ನವೆಂಬರ್ ಆದ್ಮೇಲೆ ಮುಂದುವರಿಸಲ್ಲ ಅಂತ ಮೇಯರ್ 2024ರಲ್ಲೇ ಹೇಳಿದಾರೆ. ಅಲ್ಲಿ ತನಕ ಫ್ಲ್ಯಾಟ್ ತಗೋಳೋರು ಎಚ್‌ಯುಟಿಬಿ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇದೆಯಾ ನೋಡಿ, ಇಲ್ದಿದ್ರೆ ಮುಂದಿನದು ನೋಡಿ.

ನಾಲ್ಕನೇದು ಬಾದಲೋನಾ, ಬೇರೆನೇ ಊರು, ಆದ್ರೆ ಮೆಟ್ರೋ ಎಲ್2 ಅಲ್ಲಿ ತನಕ ಇದೆ, ಅದೇ ಲೈನಲ್ಲಿ ಬದಲಿಸದೇ ಆ ಫೇಮಸ್ ಚರ್ಚು ಸಗ್ರಾದಾ ಫಮಿಲಿಯಾಕ್ಕೂ ಹೋಗ್ಬೋದು, ಪಸೇಜ್ ದೆ ಗ್ರಾಸಿಯಾಕ್ಕೂ ಹೋಗ್ಬೋದು. ಟಿಕೆಟ್ಟೂ ಒಂದನೇ ಝೋನೇ, ಅಂದ್ರೆ ಬಾರ್ಸಿಲೋನಾ ಒಳಗಿನ ರೇಟೇ. ಬಾರ್ಸಿಲೋನಾದ ಗಡಿ ದಾಟಿರೋದ್ರಿಂದ ಆ ನಗರದ ಸರ್ಚಾರ್ಜ್ ಇಲ್ಲ. ಡಬಲ್ ರೂಮು 80ರ ಹತ್ರ. ಉದ್ದನೇ ಬೀಚು, ಸಮುದ್ರದೊಳಗೆ ಚಾಚಿರೋ ಪೊಂತ್ ದೆಲ್ ಪೆತ್ರೋಲಿ ಅಂತ ಹಳೇ ಆಯಿಲ್ ಜೆಟ್ಟಿ, ಅದರ ಮೇಲೆ ಬೆಳಗ್ಗೆ ವಾಕಿಂಗ್. ಪಕ್ಕದಲ್ಲೇ ಅನೀಸ್ ದೆಲ್ ಮೋನೋ ಅನ್ನೋ ಮದ್ಯದ ಫ್ಯಾಕ್ಟರಿ, ಅದರ ಬ್ರ್ಯಾಂಡಿನ ಕೋತಿಯ ಪ್ರತಿಮೆ ಮುಂದೆ ನಮ್ಮನೆಯವ್ರು ಅಷ್ಟು ಹೊತ್ತು ಫೋಟೋ ತೆಗೆಸ್ಕೊಂಡಿದ್ದು ಯಾಕೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಇಲ್ಲೂ ಕಿಟಕಿ ಪ್ರಶ್ನೆ ಬಿಡಲ್ಲ: ಬೀಚಿಗೂ ಊರಿಗೂ ನಡುವೆ ರೈಲ್ವೆ ಹಳಿ ಇದೆ, ಸೀ ವ್ಯೂ ಅಂತ ಜಾಸ್ತಿ ಕೊಟ್ರೆ ಬೆಳಗಿನ ಮೊದಲ ಟ್ರೈನೂ ಅದರಲ್ಲೇ ಸೇರಿರುತ್ತೆ. ಎರಡು ಬೀದಿ ಹಿಂದಿನ ರೂಮೇ ವಾಸಿ. ಒಂದು ವಾರ ಇರೋರಿಗೆ, ಸುಮ್ನೆ ರೆಸ್ಟ್ ಮಾಡೋರಿಗೆ ಬಾದಲೋನಾ ಸರಿ. ಎರಡೇ ದಿನದಲ್ಲಿ ಎಲ್ಲಾ ನೋಡ್ಬೇಕು ಅನ್ನೋರಿಗೆ ಓಡಾಟವೇ ಆಗುತ್ತೆ.

ಅತ್ತೆ ಮಾವ, ಮಕ್ಕಳ ಜೊತೆ ಹೋಗೋರು ಕಣ್ಮುಚ್ಚಿ ಪೊಬ್ಲೆನೌ ತಗೊಳ್ಳಿ. ಸಮುದ್ರಕ್ಕೆ ಅಂತ ಜಾಸ್ತಿ ದುಡ್ಡು ಕೊಡೋದಾದ್ರೆ ಜೂನಿಂದ ಸೆಪ್ಟೆಂಬರ್ ಒಳಗೆ ಮಾತ್ರ, ಫೆಬ್ರವರಿಲಿ ಆ ನೀರಿಗೆ ಕಾಲಿಡೋಕೂ ಆಗಲ್ಲ.

ಇನ್ನು ಬೆಂಗ್ಳೂರಿಂದ ಮೊಬೈಲ್ ವರ್ಲ್ಡ್ ಕಾಂಗ್ರೆಸ್‌ಗೆ ಬರೋರು, ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ, ಆ ನಾಲ್ಕು ದಿನ ಮೇಲೆ ಹೇಳಿರೋ ಒಂದು ರೇಟೂ ನಿಜ ಅಲ್ಲ, ಎರಡು ಮೂರು ಪಟ್ಟು ಆಗಿರುತ್ತೆ. ಶೋ ನಡೆಯೋ ಜಾಗ ಫಿರಾ ಗ್ರಾನ್ ವಿಯಾ ಇರೋದು ಏರ್ಪೋರ್ಟ್ ಕಡೆಗೆ, ಬಾದಲೋನಾ ಊರಿನ ಪೂರ್ತಿ ಇನ್ನೊಂದು ತುದಿಗೆ, ಅದು ಬೇಡ. ಆಫೀಸಿನೋರು ಬುಕ್ ಮಾಡಿಕೊಟ್ರೆ ಸರಿ, ಫ್ಯಾಮಿಲಿನ ಜೊತೆಗೆ ಕರ್ಕೊಂಡು ಬರೋ ಪ್ಲಾನ್ ಇದ್ರೆ ಅವರನ್ನ ಶೋ ಮುಗಿದ ದಿನ ಸಂಜೆ ಫ್ಲೈಟಿಗೆ ಬರೋಕೆ ಹೇಳಿ, ರೇಟು ಆ ರಾತ್ರಿಯಿಂದಲೇ ಇಳಿಯೋಕೆ ಶುರು ಆಗಿರುತ್ತೆ.