ಸಂಸದರ ಲೆಕ್ಕ ಇಡುವ ‘ಎಂ.ಪಿ. ಟ್ರ್ಯಾಕ್’: ಎಷ್ಟು ನೆಚ್ಚಬಹುದು, ಎಲ್ಲಿ ಎಚ್ಚರ ಬೇಕು

ಸಂಸದರೊಬ್ಬರು ಐದು ವರ್ಷಗಳಲ್ಲಿ ಏನು ಮಾಡಿದರು ಎಂದು ಕೇಳಿದರೆ ಚುನಾವಣೆಯ ಹೊತ್ತಿಗೆ ನಮ್ಮ ಕೈಗೆ ಬರುವುದು ರಸ್ತೆ, ರೈಲು ನಿಲ್ದಾಣ, ಸಮುದಾಯ ಭವನಗಳ ಪಟ್ಟಿ. ಅವರನ್ನು ದೆಹಲಿಗೆ ಕಳುಹಿಸಿದ್ದು ಕಾನೂನುಗಳನ್ನು ಪರಿಶೀಲಿಸಲು, ಚರ್ಚಿಸಲು ಮತ್ತು ಸರ್ಕಾರದಿಂದ ಲೆಕ್ಕ ಕೇಳಲು ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಈ ಕೊರತೆಯನ್ನು ತುಂಬಲು 2005ರಲ್ಲಿ ದೆಹಲಿಯಲ್ಲಿ ಆರಂಭವಾದ ಪಿ.ಆರ್.ಎಸ್. ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯು ‘ಎಂ.ಪಿ. ಟ್ರ್ಯಾಕ್’ ಎಂಬ ಸೇವೆಯನ್ನು ಸಾರ್ವಜನಿಕರಿಗೆ ಉಚಿತವಾಗಿ ನೀಡುತ್ತಿದೆ. ಪತ್ರಿಕೆಗಳಲ್ಲಿ ಬರುವ ‘ಸಂಸದರ ಸಾಧನೆ’ಯ ಅಂಕಿಅಂಶಗಳಲ್ಲಿ ಬಹುಪಾಲಿನ ಮೂಲವೂ ಇದೇ ಆಗಿರುವುದರಿಂದ, ಅದನ್ನು ಹೇಗೆ ಓದಬೇಕೆಂದು ನೋಡುವುದು ಉಪಯುಕ್ತ.

ಸೇವೆಯ ವಿನ್ಯಾಸ ಸರಳವಾಗಿದೆ. ಪ್ರತಿ ಸದಸ್ಯರ ಪುಟದಲ್ಲಿ ಹಾಜರಾತಿ, ಭಾಗವಹಿಸಿದ ಚರ್ಚೆಗಳು, ಕೇಳಿದ ಪ್ರಶ್ನೆಗಳು ಮತ್ತು ಮಂಡಿಸಿದ ಖಾಸಗಿ ಸದಸ್ಯರ (ಅಂದರೆ ಸಚಿವರಲ್ಲದ ಸದಸ್ಯರ) ವಿಧೇಯಕಗಳು ಎಂಬ ನಾಲ್ಕು ಬಾಬ್ತುಗಳಿದ್ದು, ಪಕ್ಕದಲ್ಲೇ ರಾಷ್ಟ್ರದ ಸರಾಸರಿಯನ್ನೂ ಆ ರಾಜ್ಯದ ಸರಾಸರಿಯನ್ನೂ ಕೊಡಲಾಗಿದೆ. ಕರ್ನಾಟಕದ 28 ಲೋಕಸಭಾ ಸದಸ್ಯರನ್ನು ಒಟ್ಟಿಗೆ ಇಟ್ಟು ಹೋಲಿಸುವುದು ಸುಲಭ. ಮಾಹಿತಿಯ ಮೂಲ ಎರಡೂ ಸದನಗಳ ಸ್ವಂತ ದಾಖಲೆಗಳೇ ಆದ್ದರಿಂದ ಅದರ ಅಧಿಕೃತತೆಯ ಬಗ್ಗೆ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ. ನನ್ನ ತಕರಾರು ಏನಿದ್ದರೂ ಆ ಸಂಖ್ಯೆಗಳನ್ನು ಓದುವ ರೀತಿಯ ಬಗ್ಗೆ.

ಈ ತಾಣದಲ್ಲಿ ಅತ್ಯಂತ ಬೆಲೆಯುಳ್ಳದ್ದು ಪ್ರಶ್ನೆಗಳ ಪಟ್ಟಿ ಎಂಬುದು ನನ್ನ ಅಭಿಪ್ರಾಯ. ಪ್ರತಿ ಪ್ರಶ್ನೆಯ ದಿನಾಂಕ, ಶೀರ್ಷಿಕೆ, ಬಗೆ ಮತ್ತು ಸಂಬಂಧಿಸಿದ ಸಚಿವಾಲಯ ಅಲ್ಲಿ ದೊರೆಯುತ್ತವೆ. ಒಬ್ಬ ಸದಸ್ಯರ ಪಟ್ಟಿಯನ್ನು ಸಚಿವಾಲಯವಾರು ಓದುತ್ತ ಹೋದರೆ ಅವರ ಆಸಕ್ತಿ, ಕ್ಷೇತ್ರದ ಒತ್ತಡ ಮತ್ತು ತಯಾರಿಯ ಮಟ್ಟ ಒಂದು ಭಾಷಣಕ್ಕಿಂತ ಚೆನ್ನಾಗಿ ತಿಳಿಯುತ್ತವೆ. ಅಡಿಕೆ ಆಮದಿನ ಬಗ್ಗೆ ವಾಣಿಜ್ಯ ಸಚಿವಾಲಯವನ್ನು ಒಮ್ಮೆ ಕೇಳಿ ಸುಮ್ಮನಾದವರು ಬೇರೆ. ಮುಂದಿನ ಅಧಿವೇಶನದಲ್ಲಿ ಅದೇ ವಿಷಯವನ್ನು ಸುಂಕ, ಕಳ್ಳಸಾಗಣೆ, ಗುಣಮಟ್ಟ ಎಂದು ಬಿಡಿಸಿ ಕೃಷಿ ಮತ್ತು ಹಣಕಾಸು ಸಚಿವಾಲಯಗಳನ್ನೂ ಕೇಳುವವರು ಬೇರೆ. ಎರಡನೆಯದು ಸರ್ಕಾರದ ಮೇಲಿನ ನಿಗಾ. ಮೊದಲನೆಯದು ಹಾಜರಿ ಹಾಕಿದಂತೆ.

ಆದರೆ ಒಟ್ಟು ಸಂಖ್ಯೆಯನ್ನು ಮಾತ್ರ ನೋಡುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಮತ್ತು 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಸೇರುತ್ತವೆ. ಮೊದಲ ಬಗೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸಬೇಕು ಮತ್ತು ಉಪಪ್ರಶ್ನೆಗಳನ್ನು ಎದುರಿಸಬೇಕು. ಎರಡನೆಯದಕ್ಕೆ ಲಿಖಿತ ಉತ್ತರ ಸಾಕು. ಯಾರ ಪ್ರಶ್ನೆಗೆ ಆದ್ಯತೆ ಎಂಬುದು ಬ್ಯಾಲೆಟ್‌ನಲ್ಲಿ, ಅಂದರೆ ಚೀಟಿ ಎತ್ತುವಂಥ ಕ್ರಮದಲ್ಲಿ, ತೀರ್ಮಾನವಾಗುವುದರಿಂದ ಅದೃಷ್ಟದ ಪಾಲೂ ಇದೆ. ಒಂದೇ ಬಗೆಯ ಪ್ರಶ್ನೆಗಳನ್ನು ಹಲವರು ಕೊಟ್ಟಾಗ ಅವನ್ನು ಒಂದುಗೂಡಿಸಿ, ಎಲ್ಲರ ಹೆಸರಿನಲ್ಲೂ ಒಂದೇ ಉತ್ತರ ನೀಡುವ ಪದ್ಧತಿಯೂ ಇದೆ. ಇನ್ನು, ಪ್ರಶ್ನೆ ಕೇಳಲು ಹಣ ಪಡೆದ ಆರೋಪದ ಮೇಲೆ 2005ರ ಡಿಸೆಂಬರ್‌ನಲ್ಲಿ 11 ಸಂಸದರು ಸದಸ್ಯತ್ವವನ್ನೇ ಕಳೆದುಕೊಂಡ ಪ್ರಕರಣವನ್ನು ನೆನೆದರೆ, ಪ್ರಶ್ನೆಗಳ ಸಂಖ್ಯೆಯನ್ನು ಕಾಳಜಿಯ ಅಳತೆಗೋಲಾಗಿ ಬಳಸುವ ಮುನ್ನ ಯಾರಾದರೂ ಒಮ್ಮೆ ನಿಲ್ಲುತ್ತಾರೆ.

ಪ್ರಶ್ನೆಗೆ ಬಂದ ಉತ್ತರ ಏನಾಯಿತು ಎಂಬುದು ಅಂಕಿಅಂಶಗಳ ವ್ಯಾಪ್ತಿಗೆ ಬರುವುದೇ ಇಲ್ಲ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಕೂಡ ಲೆಕ್ಕದಲ್ಲಿ ಒಂದು ಪ್ರಶ್ನೆಯೇ. ಇಂಥ ಉತ್ತರಗಳನ್ನು ಸದನವು ಸರ್ಕಾರದ ಭರವಸೆಯೆಂದು ಪರಿಗಣಿಸಿ, ಮೂರು ತಿಂಗಳಲ್ಲಿ ಈಡೇರಿಸಬೇಕೆಂದು ನಿರೀಕ್ಷಿಸುತ್ತದೆ. ಅದನ್ನು ನೋಡಿಕೊಳ್ಳಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ತಮಗೆ ಸಿಕ್ಕ ಭರವಸೆಯ ಬೆನ್ನುಹತ್ತಿದ ಸದಸ್ಯರು ಯಾರು ಎಂಬುದು ತಿಳಿಯುವಂತಿದ್ದರೆ ಈ ಸೇವೆಯ ಮೌಲ್ಯ ಇಮ್ಮಡಿಯಾಗುತ್ತಿತ್ತು.

ಹಾಜರಾತಿಯ ಶೇಕಡಾವಾರು ಲೆಕ್ಕಕ್ಕೆ ಪತ್ರಿಕೆಗಳು ಕೊಡುವಷ್ಟು ಮಹತ್ವವನ್ನು ನಾನು ಕೊಡಲಾರೆ. ಅದು ಸದಸ್ಯರು ಸಹಿ ಹಾಕಿದ ದಿನಗಳ ಲೆಕ್ಕವೇ ಹೊರತು ಸದನದಲ್ಲಿ ಕುಳಿತ ಗಂಟೆಗಳ ಲೆಕ್ಕವಲ್ಲ. ಸಚಿವರು ಸಹಿ ಹಾಕಬೇಕಾಗಿಲ್ಲ, ಅವರು ಪ್ರಶ್ನೆ ಕೇಳುವುದೂ ಇಲ್ಲ. ಆದ್ದರಿಂದ ಅವರ ಪುಟ ಖಾಲಿಯಿದ್ದರೆ ಅದನ್ನು ನಿಷ್ಕ್ರಿಯತೆ ಎಂದು ಹಂಚಿಕೊಳ್ಳುವುದು ಅನ್ಯಾಯ. 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನಗಳಿಂದ 146 ವಿರೋಧ ಪಕ್ಷದ ಸದಸ್ಯರು ಅಮಾನತುಗೊಂಡಿದ್ದರು. ಅಂಥ ದಿನಗಳ ಗೈರುಹಾಜರಿಯ ಕಾರಣವನ್ನು ಶೇಕಡಾವಾರು ಅಂಕಿ ತಾನಾಗಿ ಹೇಳುವುದಿಲ್ಲ.

ಚರ್ಚೆಗಳ ವಿಷಯಕ್ಕೆ ಬಂದರೆ, ಎಣಿಕೆಯ ಮಿತಿಯನ್ನು ತೋರಿಸಲು ಫಿರೋಜ್ ಗಾಂಧಿಯವರಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ರಾಯ್‌ಬರೇಲಿಯ ಕಾಂಗ್ರೆಸ್ ಸದಸ್ಯರಾಗಿದ್ದ ಅವರು 1957ರ ಡಿಸೆಂಬರ್‌ನಲ್ಲಿ, ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರುಗಳಲ್ಲಿ ಸುಮಾರು 1.24 ಕೋಟಿ ರೂಪಾಯಿ ತೊಡಗಿಸಿದ್ದನ್ನು ತಮ್ಮದೇ ಪಕ್ಷದ ಸರ್ಕಾರದ ಎದುರು ದಾಖಲೆ ಸಮೇತ ಬಿಚ್ಚಿಟ್ಟರು. ಅದರ ಪರಿಣಾಮವಾಗಿ ನ್ಯಾಯಮೂರ್ತಿ ಎಂ. ಸಿ. ಚಾಗ್ಲಾ ಅವರ ಏಕಸದಸ್ಯ ಆಯೋಗ ವಿಚಾರಣೆ ನಡೆಸಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಿದರು. ಎಂ.ಪಿ. ಟ್ರ್ಯಾಕ್ ಆಗ ಇದ್ದಿದ್ದರೆ ಆ ಭಾಷಣ ‘ಚರ್ಚೆ: 1’ ಎಂದು ದಾಖಲಾಗುತ್ತಿತ್ತು. ಸಂಸತ್ತಿನ ಕಲಾಪವನ್ನು ಯಥಾವತ್ತಾಗಿ ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ನೀಡಿದ 1956ರ ಕಾಯ್ದೆ ಕೂಡ ಅವರದೇ ಖಾಸಗಿ ವಿಧೇಯಕದ ಫಲ. 1970ರ ನಂತರ ಇಂದಿನವರೆಗೆ ಒಂದೇ ಒಂದು ಖಾಸಗಿ ಸದಸ್ಯರ ವಿಧೇಯಕವೂ ಕಾಯ್ದೆಯಾಗಿಲ್ಲ ಎಂಬುದನ್ನು ಗಮನಿಸಿದರೆ, ತಾಣದ ನಾಲ್ಕನೆಯ ಬಾಬ್ತನ್ನು ಸದಸ್ಯರ ಆಶಯದ ಸೂಚನೆಯಾಗಿ ಓದುವುದೇ ಸರಿ.

ಹಾಗೆಂದು ಎಣಿಕೆ ವ್ಯರ್ಥವಲ್ಲ. 17ನೇ ಲೋಕಸಭೆಯ ಅವಧಿ ಮುಗಿಯುವಾಗ, ಐದು ವರ್ಷವೂ ಸದನದ ಚರ್ಚೆಯಲ್ಲಿ ಬಾಯಿ ತೆರೆಯದ ಸದಸ್ಯರ ಪಟ್ಟಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅದರಲ್ಲಿ ಕರ್ನಾಟಕದವರೂ ಇದ್ದರು. ಹೆಚ್ಚಿನ ಸಂಖ್ಯೆಯಿಂದ ಗುಣವನ್ನು ಅಳೆಯಲಾಗದಿದ್ದರೂ, ಸೊನ್ನೆ ಎದುರಿಗಿದ್ದಾಗ ಮತದಾರ ವಿವರಣೆ ಕೇಳುವುದು ನ್ಯಾಯವೇ.

ಎಂ.ಪಿ. ಟ್ರ್ಯಾಕ್‌ನ ದೊಡ್ಡ ಕೊರತೆ ಸಮಿತಿಗಳದ್ದು. ವಿಧೇಯಕಗಳನ್ನು ಸಾಲುಸಾಲಾಗಿ ಪರಿಶೀಲಿಸುವುದು, ಅಧಿಕಾರಿಗಳನ್ನು ಕರೆಸಿ ಕೇಳುವುದು, ಮಹಾಲೇಖಪಾಲರ ವರದಿಯ ಮೇಲೆ ಲೆಕ್ಕ ಒಪ್ಪಿಸುವಂತೆ ಮಾಡುವುದು ಇವೆಲ್ಲ ಸ್ಥಾಯಿ ಸಮಿತಿಗಳಲ್ಲಿ ಮತ್ತು 22 ಸದಸ್ಯರ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ನಡೆಯುತ್ತವೆ. ಆ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುವುದರಿಂದ ಯಾರು ಏನು ಕೇಳಿದರೆಂಬುದು ಹೊರಗೆ ಬರುವುದಿಲ್ಲ. ವರದಿಗಳ ಅನುಬಂಧದಲ್ಲಿರುವ ನಡಾವಳಿಯಿಂದ ಹಾಜರಿದ್ದವರ ಹೆಸರು ಮಾತ್ರ ತಿಳಿಯುತ್ತದೆ. ಸಮಿತಿಯ ಕೆಲಸ ಈ ನಾಲ್ಕು ಬಾಬ್ತುಗಳಲ್ಲಿ ಇಲ್ಲದಿರುವುದರಿಂದ, ಅಲ್ಲಿ ಶ್ರಮಿಸಿ ಸದನದಲ್ಲಿ ಕಡಿಮೆ ಮಾತನಾಡುವ ಸದಸ್ಯರು ಸುಮ್ಮನೆ ಹಿಂದೆ ಬೀಳುತ್ತಾರೆ. ಸಮಿತಿಗಳಿಗೆ ಹೋದ ವಿಧೇಯಕಗಳ ಪ್ರಮಾಣ 15ನೇ ಲೋಕಸಭೆಯಲ್ಲಿ ಶೇ 71 ಇದ್ದದ್ದು 17ನೆಯದರಲ್ಲಿ ಶೇ 16ಕ್ಕೆ ಇಳಿದುದನ್ನು ಲೆಕ್ಕ ಹಾಕಿ ಹೇಳಿದ್ದೂ ಇದೇ ಪಿ.ಆರ್.ಎಸ್. ಎಂಬುದನ್ನು ಇಲ್ಲಿ ಸೇರಿಸಬೇಕು. ಅದರ ಅಧಿವೇಶನ ವರದಿಗಳು ಮತ್ತು ವಿಧೇಯಕಗಳ ಸಾರಾಂಶಗಳು, ನನ್ನ ಮಟ್ಟಿಗೆ, ಎಂ.ಪಿ. ಟ್ರ್ಯಾಕ್‌ಗಿಂತ ಉತ್ತಮ ಕೆಲಸ.

ಯಾರು ಯಾವ ವಿಧೇಯಕಕ್ಕೆ ಹೇಗೆ ಮತ ಹಾಕಿದರು ಎಂಬುದನ್ನು ಹುಡುಕುವವರಿಗೂ ಇಲ್ಲಿ ಉತ್ತರವಿಲ್ಲ. ಅದು ಸಂಸ್ಥೆಯ ತಪ್ಪಲ್ಲ: ಬಹುಪಾಲು ವಿಧೇಯಕಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ, ದಾಖಲಾದ ಮತಗಳೂ 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್‌ಗೆ, ಅಂದರೆ ಹೇಗೆ ಮತ ಹಾಕಬೇಕೆಂಬ ಪಕ್ಷದ ಆದೇಶಕ್ಕೆ, ಒಳಪಟ್ಟಿರುತ್ತವೆ.

ಕನ್ನಡದ ಓದುಗರಿಗೆ ಎರಡು ಅನಾನುಕೂಲಗಳಿವೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿ ದಾರಿ ತೆರೆದರು; ಈ ತಾಣವನ್ನು ಕನ್ನಡದಲ್ಲಿ ಓದುವ ಸೌಲಭ್ಯ ಮಾತ್ರ ಇಲ್ಲ. ಎರಡನೆಯದು ನಮ್ಮ ಶಾಸಕರಿಗೆ ಸಂಬಂಧಿಸಿದ್ದು. ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ಸೇರಬೇಕೆಂದು ಕರ್ನಾಟಕವು 2005ರಲ್ಲೇ ಕಾಯ್ದೆ ಮಾಡಿಕೊಂಡಿದ್ದರೂ ಅದು ಪಾಲನೆಯಾಗದ ವರ್ಷಗಳೇ ಹೆಚ್ಚು. ರಾಜ್ಯಗಳ ಸದನಗಳು ಸೇರಿದ ದಿನಗಳ ಲೆಕ್ಕವನ್ನು ಪಿ.ಆರ್.ಎಸ್. ತನ್ನ ವಾರ್ಷಿಕ ವರದಿಯಲ್ಲಿ ಕೊಡುತ್ತದೆ. ಆದರೆ ಸಂಸದರ ಪುಟದಲ್ಲಿರುವಷ್ಟು ವಿವರವನ್ನು ನಮ್ಮ 224 ಶಾಸಕರ ಬಗ್ಗೆ ನಿರೀಕ್ಷಿಸಿ ಹೋದವರು ನಿರಾಶರಾಗುತ್ತಾರೆ. ಸಂಸದರ ಬಗ್ಗೆ ತಿಳಿಯಬಯಸುವವರು ಸರಾಸರಿಯ ಕೋಷ್ಟಕವನ್ನು ದಾಟಿ ನೇರವಾಗಿ ಪ್ರಶ್ನೆಗಳ ಪಟ್ಟಿಗೆ ಹೋಗಿ, ಅಲ್ಲಿಂದ ಎರಡು ಮೂರು ಶೀರ್ಷಿಕೆಗಳನ್ನು ಆರಿಸಿ, ಸಂಸತ್ತಿನ ಅಧಿಕೃತ ತಾಣದಲ್ಲಿರುವ ಸಚಿವರ ಪೂರ್ಣ ಉತ್ತರವನ್ನು ಓದಿಕೊಳ್ಳುವುದು ಲೇಸು.